ರಬ್ಬರ್ ಬ್ಯಾಂಡ್ ಕಟ್ಟಿದ ಡಿಸ್ಕು

ನನ್ನ ತಮ್ಮನ ಕೆಲಸದ ಕೋಣೆಗೆ ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಒಳಗೆ ದೀಪ ಇಲ್ಲ. ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಕಂಪ್ಯೂಟರುಗಳು, ಸ್ಕ್ರೂ ತುಂಬಿದ ಡಬ್ಬಿಗಳು, ಸುತ್ತಿಟ್ಟ ವೈರುಗಳು. ಸ್ಕ್ರೀನು ಮಾತ್ರ ಒಂದೂ ಇಲ್ಲ. "ಸ್ಕ್ರೀನ್ ಎಲ್ಲಿ ಸಾರ್?" ಎಂದು ಕೇಳಿದರೆ "ಅದು ನಿಮಗೆ ಬೇಕಾಗೋದು. ನನಗೆ ಸುಮ್ಮನೆ ಕರೆಂಟ್ ದಂಡ" ಎನ್ನುತ್ತಾನೆ. ಬಂದವರು ನಗಬೇಕೋ ಬಿಡಬೇಕೋ ತಿಳಿಯದೆ ನನ್ನ ಮುಖ ನೋಡುತ್ತಾರೆ. "ನಗಿ, ನಗಿ, ಅವನಿಗೇನು ಕಾಣತ್ತಾ?" ಎಂದು ನಾನೇ ಧೈರ್ಯ ಹೇಳುತ್ತೇನೆ.

ಅವನಿಗೆ ಕಣ್ಣು ಹೋದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಜ್ವರ ಬಂದು, ಒಂದೇ ವಾರದಲ್ಲಿ. ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಬೈದೆ, ಅತ್ತು ಕರೆದೆ, ಊಟ ಬಿಟ್ಟು ಕೂತೆ. ಜಪ್ಪಯ್ಯ ಎಂದರೂ ಏಳಲಿಲ್ಲ. ಆಗ ಬೀದಿಯ ಕೊನೆಯ ಮನೆಯ ಮೇಷ್ಟ್ರು ಬಂದರು. ಅವರು ಹುಟ್ಟಿದಾಗಿನಿಂದ ಕಣ್ಣಿಲ್ಲದವರು. ಕಣ್ಣಿಲ್ಲದ ಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಹಾಸಿಗೆಯ ಅಂಚಿನಲ್ಲಿ ಕುಳಿತು, ತಮ್ಮ ಹಳೆಯ ಟೈಪ್‌ರೈಟರನ್ನು ಅವನ ತೊಡೆಯ ಮೇಲಿಟ್ಟು, "ಅಳೋದಿದ್ರೆ ಅಳಯ್ಯಾ, ಯಾರು ಬೇಡ ಅಂದ್ರು? ಬೆರಳು ಮಾತ್ರ ಕೀಲಿ ಮೇಲಿರ್ಲಿ" ಎಂದರು. ಅವನು ಅತ್ತ. ಬೆರಳು ಕೀಲಿಯ ಮೇಲೇ ಇತ್ತು. ಆವತ್ತಿನಿಂದ ಮೇಷ್ಟ್ರು ಹಾಕಿದ ಗೆರೆ ದಾಟಿದವನಲ್ಲ.

ಆಮೇಲೆ ಮಾತಾಡುವ ಕಂಪ್ಯೂಟರು ಬಂತು. ತೆರೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಪ್ರೋಗ್ರಾಮು ಅದರಲ್ಲಿತ್ತು. ಒಂದು ಸಲ ಅದು ಕೆಟ್ಟಾಗ ರಿಪೇರಿಯವನು ಎತ್ತಿಕೊಂಡು ಹೋಗಿ ಎಂಟು ದಿನ ಬಿಟ್ಟು ತಂದ. "ಎಲ್ಲಾ ಹೊಸದಾಗಿ ಹಾಕಿದ್ದೀನಿ" ಎಂದ. ಹಾಕಿದ್ದ, ನಿಜ, ಮಾತು ಮಾತ್ರ ಹಾಕಿರಲಿಲ್ಲ. ನನ್ನ ತಮ್ಮ ಆ ಮೂಕ ಪೆಟ್ಟಿಗೆಯ ಎದುರು ಇಡೀ ದಿನ ಹಲ್ಲು ಕಡಿಯುತ್ತಾ ಕುಳಿತು, ಸಂಜೆ ಹೊತ್ತಿಗೆ "ಅಕ್ಕ, ಸ್ಕ್ರೂಡ್ರೈವರ್ ಕೊಡು" ಎಂದ. ಅಲ್ಲಿಗೆ ಶುರುವಾದದ್ದು. ಈಗ ಅವನಿಗೆ ನಲವತ್ತಾರು. ಕಣ್ಣಿದ್ದವರ ಕಂಪ್ಯೂಟರುಗಳೂ ಅವನ ಮೇಜಿಗೇ ಬರುತ್ತವೆ.

ಅವನ ಕೈಗುಣ ಗೊತ್ತಾಗುವುದು ಸತ್ತ ಹಾರ್ಡ್ ಡ್ರೈವಿನ ಜಾಗಕ್ಕೆ ಹೊಸದು ಹಾಕಿ, ಹಳೆಯದರಲ್ಲಿದ್ದದ್ದನ್ನು ಇದ್ದ ಹಾಗೇ ವಾಪಸು ತರುವುದರಲ್ಲಿ. ಅದಕ್ಕೆ ಮೊದಲೇ ಬ್ಯಾಕಪ್ ಇಮೇಜ್ ತೆಗೆದಿಟ್ಟಿರಬೇಕು. ಇಮೇಜ್ ಎಂದರೆ ಫೋಟೋ ಎಂದುಕೊಂಡಿದ್ದೆ ನಾನು. ಅಲ್ಲವಂತೆ. ಒಂದು ಮನೆ ಖಾಲಿ ಮಾಡುವಾಗ ಯಾವ ಡಬ್ಬಿ ಯಾವ ಗೂಡಿನಲ್ಲಿತ್ತೋ ಹೊಸ ಮನೆಯಲ್ಲೂ ಅದೇ ಗೂಡಿನಲ್ಲಿ, ಮುಚ್ಚಳ ಸಮೇತ ಇರುವ ಹಾಗೆ ಸಾಗಿಸುವುದಂತೆ. ಕಣ್ಣಿಲ್ಲದವರಿಗೆ ಅದು ಎಷ್ಟು ಮುಖ್ಯ ಎಂದು ನನಗೆ ಬೇಗ ಅರ್ಥವಾಯಿತು. ಅವನ ಲೋಟ ಎರಡು ಇಂಚು ಈಚೆ ಇಟ್ಟರೂ ಮನೆಯಲ್ಲಿ ಮಹಾಯುದ್ಧ.

ಮೇಷ್ಟ್ರು ಆ ಹೊತ್ತಿಗೆ ನಮ್ಮ ಬೀದಿ ಬಿಟ್ಟು ಬೇರೆ ಬಡಾವಣೆಗೆ ಹೋಗಿದ್ದರು. ಅವರ ಕಂಪ್ಯೂಟರಿನ ಇಮೇಜನ್ನು ನನ್ನ ತಮ್ಮ ಪ್ರತಿ ತಿಂಗಳೂ ಅಲ್ಲಿಗೇ ಹೋಗಿ ತೆಗೆದು ತರುತ್ತಿದ್ದ. ಅದಕ್ಕೊಂದು ಕಾರಣವಿತ್ತು. ಮೇಷ್ಟ್ರಿಗೆ ಎಪ್ಪತ್ತೆಂಟು ವರ್ಷ. ಹನ್ನೊಂದು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದರು: ಚಿತ್ರ ನೋಡಲಾಗದ ಮಕ್ಕಳಿಗೆ ರೇಖಾಗಣಿತ, ಬರೀ ಮಾತಿನಲ್ಲಿ, ಬೆರಳಿನ ಲೆಕ್ಕದಲ್ಲಿ. ಕಾಗದದ ಮೇಲೆ ಒಂದಕ್ಷರ ಇಲ್ಲ. "ಎರಡು ಕಡೆ ಇಟ್ರೆ ಯಾವುದು ತಿದ್ದಿದ್ದು, ಯಾವುದು ತಿದ್ದದೇ ಇರೋದು ಅಂತ ತಲೆ ಕೆಡತ್ತೆ" ಎಂದು ಬೇರೆಲ್ಲೂ ನಕಲು ಇಟ್ಟವರಲ್ಲ. ಹಾಗಾಗಿ ಆ ಪುಸ್ತಕ ಇದ್ದದ್ದು ಎರಡೇ ಕಡೆ, ಅವರ ಕಂಪ್ಯೂಟರಿನಲ್ಲಿ ಮತ್ತು ನನ್ನ ತಮ್ಮ ಇಟ್ಟುಕೊಂಡಿದ್ದ ಆ ಇಮೇಜಿನಲ್ಲಿ.

ಅವನ ಡ್ರಾಯರಿನಲ್ಲಿ ಅಂಗೈ ಅಗಲದ ಎರಡು ಡಿಸ್ಕುಗಳಿದ್ದವು, ಅವಳಿ ಮಕ್ಕಳ ಹಾಗೆ. ಒಂದರಲ್ಲಿ ಮೇಷ್ಟ್ರ ಇಮೇಜು, ಇನ್ನೊಂದು ಖಾಲಿ. ತುಂಬಿದ ಡಿಸ್ಕಿಗೆ ರಬ್ಬರ್ ಬ್ಯಾಂಡ್, ಖಾಲಿ ಡಿಸ್ಕು ಬೋಳು. ಇದು ಅವನ ಕಾನೂನು. "ಬ್ಯಾಂಡ್ ಹಾಕೋವಾಗ ಒಂದ್ಸಲ ಓದಿಸಿ ನೋಡ್ಕೊಂಡ್ರೆ ಮುಗೀತು. ಆಮೇಲೆ ಬೆರಳು ಸಾಕು. ಇಪ್ಪತ್ತು ವರ್ಷದಲ್ಲಿ ನನ್ನ ಬೆರಳು ಒಂದು ಸುಳ್ಳು ಹೇಳಿಲ್ಲ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಈಗ ನನ್ನ ವಿಷಯ. ನಾನು ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವಳು. ಒರೆಸುವುದು, ತೊಳೆಯುವುದು, ಜೋಡಿಸುವುದು ನನ್ನ ರಕ್ತದಲ್ಲಿದೆ. ನಿವೃತ್ತಿಯಾದ ಮೇಲೆ ಆ ಚಪಲವೆಲ್ಲ ಮನೆಯ ಮೇಲೆ ತಿರುಗಿತು. ತಮ್ಮನ ಮೇಜನ್ನು ಮುಟ್ಟಬೇಡ ಎಂದು ಅವನು ಹೇಳಿದ್ದು ನೂರು ಸಲವಾದರೂ ಆದೀತು. ಆದರೆ ಆ ವಾರ ಅವನು ಯಾರದೋ ಆಫೀಸಿಗೆ ಹೋಗಿದ್ದ, ಡ್ರಾಯರ್ ಅರ್ಧ ತೆರೆದಿತ್ತು, ಒಳಗೆ ಬೆರಳ ದಪ್ಪ ಧೂಳು. ತಡೆಯಲಾಗಲಿಲ್ಲ. ಎರಡೂ ಡಿಸ್ಕು ತೆಗೆದೆ. ಬ್ಯಾಂಡು ಹಳತಾಗಿ ಅಂಟಂಟಾಗಿತ್ತು, ಕಿತ್ತು ಬಿಸಾಕಿದೆ. ಚೆನ್ನಾಗಿ ಒರೆಸಿ, ಹೊಸ ಬ್ಯಾಂಡ್ ತಂದು, ಮೇಲಿದ್ದ ಡಿಸ್ಕಿಗೆ ಹಾಕಿ, ಡ್ರಾಯರ್ ಮುಚ್ಚಿದೆ. ಎಷ್ಟು ಅಚ್ಚುಕಟ್ಟು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ಮೇಷ್ಟ್ರೇ ಟ್ಯಾಕ್ಸಿ ಮಾಡಿಕೊಂಡು ಬಂದರು. ಡ್ರೈವರು ಕಂಪ್ಯೂಟರ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹೋದ.

"ಏನಯ್ಯಾ, ನಿನ್ನೆಯಿಂದ ಇದು ಟಕ್ ಟಕ್ ಅಂತ ಬಾಗಿಲು ತಟ್ಟೋ ಹಾಗೆ ಶಬ್ದ ಮಾಡತ್ತೆ. ಮಾತೇ ಇಲ್ಲ" ಎಂದರು.

ತಮ್ಮ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದ. "ಡ್ರೈವ್ ಹೋಯ್ತು ಮೇಷ್ಟ್ರೇ. ಇದರಿಂದ ಇನ್ನೇನೂ ಬರಲ್ಲ."

ಮೇಷ್ಟ್ರು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತರು. "ಹನ್ನೊಂದು ವರ್ಷದ್ದು ಕಣಯ್ಯಾ. ಮತ್ತೆ ಮೊದಲಿಂದ ಬರಿಯೋಷ್ಟು ಆಯಸ್ಸು ನನ್ನ ಹತ್ರ ಇಲ್ಲ."

"ಯಾಕೆ ಬರೀಬೇಕು? ಒಂಬತ್ತು ದಿನದ ಹಿಂದೆ ತಾನೇ ಇಮೇಜ್ ತೆಗ್ದಿದ್ದೀನಿ. ಸಂಜೆ ಒಳಗೆ ನಿಮ್ಮ ಕಂಪ್ಯೂಟರ್ ನಿಮ್ಮನ್ನ ಮಾತಾಡಿಸತ್ತೆ. ಅಕ್ಕ, ಮೇಷ್ಟ್ರಿಗೆ ಕುಡಿಯೋಕೆ ನೀರು ಕೊಡು."

ಅವನ ಕೆಲಸ ನೋಡುವುದಕ್ಕೇ ಒಂದು ಖುಷಿ. ಎರಡು ಸ್ಕ್ರೂ ಬಿಚ್ಚಿ ಹಳೆಯ ಡ್ರೈವ್ ತೆಗೆದ, ಹೊಸದರ ಅಂಚನ್ನು ಹೆಬ್ಬೆರಳಿನಿಂದ ಸವರಿ ಕಚ್ಚು ಹುಡುಕಿ ವೈರು ಸಿಕ್ಕಿಸಿದ. ಅವನದೇ ಒಂದು ಮಾತಾಡುವ ಪೆನ್‌ಡ್ರೈವ್ ಇದೆ, ಡ್ರೈವ್ ಖಾಲಿಯಿದ್ದರೂ ಮೆಷಿನ್ನು ಅದರಿಂದಲೇ ಎದ್ದು ಮಾತಾಡುತ್ತದೆ. ಅದನ್ನು ಚುಚ್ಚಿದ. "ಆನ್ ಮಾಡಿದ ಕೂಡಲೇ ಬರೋ ಮೆನು ಮೂಗಿ ಮೇಷ್ಟ್ರೇ, ಅದು ಯಾರಿಗೂ ಓದಿ ಹೇಳಲ್ಲ. ಆದರೆ ಹೊಸ ಡ್ರೈವ್ ಖಾಲಿ. ಪೆನ್‌ಡ್ರೈವ್ ಬಿಟ್ರೆ ಮೆಷಿನ್ನಿಗೆ ಬೇರೆ ಗತಿ ಇಲ್ಲ. ತಾನಾಗೇ ದಾರಿಗೆ ಬರತ್ತೆ" ಎಂದ. ಬಂತು. ಪೆಟ್ಟಿಗೆ ಗೊಣಗತೊಡಗಿತು. ಅವನು ಅದನ್ನು ಎಷ್ಟು ವೇಗಕ್ಕೆ ಇಟ್ಟಿರುತ್ತಾನೆಂದರೆ ನನಗೆ ಕೇಳುವುದು ಬರೀ ಜೀರುಂಡೆ. "ಏನೋ ಅದು, ಯಾರಿಗೆ ಬೈತಾ ಇದೆ?" ಎಂದೆ. "ನಿನಗೇ" ಎಂದ.

ಆಮೇಲೆ ಡ್ರಾಯರ್ ಎಳೆದ. ಎರಡು ಡಿಸ್ಕನ್ನೂ ಸವರಿದ. ಬ್ಯಾಂಡ್ ಇದ್ದದ್ದನ್ನು ಬಲಕ್ಕಿಟ್ಟು, ಬೋಳು ಡಿಸ್ಕನ್ನು ಸ್ಕ್ರೀನು ಕಿತ್ತಿಟ್ಟಿದ್ದ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ.

"ಮೊದಲು ಈ ಖಾಲಿ ಡಿಸ್ಕಲ್ಲಿ ಹಳೇ ಚೂರುಪಾರು ಏನಿದ್ರೂ ಪೂರ್ತಿ ಅಳಿಸಿ, ನಿಮ್ಮ ಇಮೇಜಿನ ಇನ್ನೊಂದು ನಕಲು ಇದರಲ್ಲಿ ಇಟ್ಕೋತೀನಿ. ಇರೋದೊಂದನ್ನೇ ನಂಬಿ ಯಾವತ್ತೂ ಕೈ ಹಾಕಬಾರದು" ಎಂದ.

ಪೂರ್ತಿ ಅಳಿಸಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಕಟ್ಟಿದ ಹೊಸ ಬ್ಯಾಂಡು ನೆನಪಾಯಿತು. ಮೇಲಿದ್ದದ್ದೇ ತುಂಬಿದ್ದು ಎಂದುಕೊಂಡು ಅದಕ್ಕೆ ಹಾಕಿದ್ದೆನಲ್ಲ. ಒರೆಸುವಾಗ ಒಂದನ್ನು ಕೆಳಗಿಟ್ಟು ಒಂದನ್ನು ಎತ್ತಿದ್ದೆ. ಮೊದಲು ಮೇಲಿದ್ದದ್ದು ಆಮೇಲೆ ಮೇಲೇ ಇತ್ತೇ? ನೆನಪು ತೋಡಿದಷ್ಟೂ ಧೂಳಿನ ಬಟ್ಟೆಯೊಂದೇ ಕಣ್ಣ ಮುಂದೆ ಬರುತ್ತಿತ್ತು. ಸಾವಿರಾರು ಕೂಸುಗಳ ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿದವಳು ನಾನು, ಒಂದು ಸಲವೂ ಅದಲುಬದಲಾಗಿಲ್ಲ. ಆ ನಾನು ಇದನ್ನು ಬಾಯಿ ಬಿಟ್ಟು ಹೇಳುವುದು ಹೇಗೆ? ಅದೂ ಮೇಷ್ಟ್ರ ಎದುರಿಗೆ! ಅವನೇ ನೋಡಿಕೊಂಡು ಅಳಿಸುತ್ತಾನೆ ಬಿಡು ಎಂದಿತು ಮನಸ್ಸು. ನೋಡಿಕೊಳ್ಳುವುದಿಲ್ಲ ಎಂದು ಅವನೇ ಜಂಬ ಕೊಚ್ಚಿದ್ದು ಮರುಕ್ಷಣವೇ ನೆನಪಾಯಿತು.

ಕಿರಿಯ ನರ್ಸುಗಳಿಗೆ ನಾನೇ ಹೇಳುತ್ತಿದ್ದೆ, ತಪ್ಪು ಔಷಧ ಕೊಟ್ಟೆ ಎಂದು ಅನುಮಾನ ಬಂದರೂ ಸಾಕು, ಆ ನಿಮಿಷವೇ ಕೂಗಿ ಹೇಳಿ, ಮಾನ ಮರ್ಯಾದೆ ಆಮೇಲೆ ನೋಡೋಣ ಎಂದು. ಲ್ಯಾಪ್‌ಟಾಪು ಏನೋ ಪ್ರಶ್ನೆ ಕೇಳಿತು. ಅವನ ಕಿರುಬೆರಳು ಎಂಟರ್ ಕೀಲಿಯ ಮೇಲೆ ಬಂದಿತ್ತು.

"ತಡಿಯೋ! ಮುಟ್ಟಬೇಡ!" ಎಂದು ಕಿರುಚಿದೆ. ಮೇಷ್ಟ್ರ ಕೈಯಿಂದ ಕೋಲು ಬಿತ್ತು.

"ಏನಕ್ಕಾ?"

"ಬ್ಯಾಂಡ್ ನಾನು ಬದಲಾಯಿಸಿದ್ದೀನಿ. ಹೋದ ವಾರ ಒರೆಸಿದೆ."

ಅವನು ಎರಡೂ ಕೈಯನ್ನು ಮೇಜಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಯಾವುದಕ್ಕೆ ಹಾಕಿದೆ?"

"ಗೊತ್ತಿಲ್ಲ."

ಅವನು ಆ ಕೆಲಸ ರದ್ದು ಮಾಡಿ, ಮಾತಿನ ವೇಗವನ್ನು ನಮಗೂ ತಿಳಿಯುವಷ್ಟು ಇಳಿಸಿ, ಸಿಕ್ಕಿಸಿದ್ದ ಬೋಳು ಡಿಸ್ಕಿನಲ್ಲಿ ಏನಿದೆ ಎಂದು ಓದಿಸಿದ. "ಮೇಷ್ಟ್ರು. ಪೂರ್ತಿ ಇಮೇಜ್" ಎಂದು ಹೇಳಿ, ಒಂಬತ್ತು ದಿನದ ಹಿಂದಿನ ತಾರೀಖನ್ನು ಓದಿತು ಆ ಧ್ವನಿ. ಅವನು ಅಳಿಸಲು ಹೊರಟಿದ್ದದ್ದು ಅದನ್ನೇ.

ಅವನಿಗೆ ನೆತ್ತಿಗೇರಿತು.

"ಎಷ್ಟು ಸಲ ಬಡ್ಕೊಂಡಿದ್ದೀನಿ ಮೇಜು ಮುಟ್ಟಬೇಡ ಅಂತ? ನಿನ್ನ ಧೂಳಿಗೆ ಬೆಂಕಿ ಹಾಕ! ಈಗ ಎಂಟರ್ ಹೊಡೆದಿದ್ರೆ?"

"ಬೈಯೋ, ಬೈಯಿ. ನಾನು ಬೈಸ್ಕೊಳ್ಳಬೇಕಾದ್ದೇ" ಎಂದೆ. ಅಷ್ಟು ಸುಲಭವಾಗಿ ನಾನು ಸೋತದ್ದು ಅವನು ಹುಟ್ಟಿದ ಮೇಲೆ ಅದೇ ಮೊದಲು.

ಮೇಷ್ಟ್ರು ಬಗ್ಗಿ ಕೋಲು ಹುಡುಕಿಕೊಂಡರು. "ಅವಳು ಬಾಯಿ ಬಿಟ್ಟಳಲ್ಲ ಕಣಯ್ಯಾ. ನೀನೇನು ಮಾಡ್ತಿದ್ದೆ? ಕಿವಿ ಇಟ್ಕೊಂಡು ಬರೀ ಬೆರಳನ್ನೇ ಯಾಕೆ ನಂಬಿದೆ?"

"ಹೌದು ಮೇಷ್ಟ್ರೇ. ಸೊಕ್ಕು" ಎಂದ.

"ವಾರ್ಡಲ್ಲಿ ಒಬ್ಬರೇ ಪಟ್ಟಿ ಕಟ್ಟಲ್ಲ ಕಣೋ" ಎಂದೆ, ಮೆಲ್ಲಗೆ. "ಒಬ್ಬರು ಕಟ್ತಾರೆ, ಇನ್ನೊಬ್ಬರು ಗಟ್ಟಿಯಾಗಿ ಓದ್ತಾರೆ. ಎಷ್ಟೇ ಅನುಭವ ಇದ್ರೂ ಅಷ್ಟೇ."

ಅವನು ಬ್ಯಾಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕುಳಿತ. ಕೈ ಮತ್ತೆ ಮೊದಲಿನ ಕೈಯೇ, ಒಂದು ಚೂರೂ ತಡವರಿಸಲಿಲ್ಲ. ಒಂದೊಂದು ಹೆಜ್ಜೆಗೂ ಮಾತ್ರ ಧ್ವನಿ ಏನು ಹೇಳುತ್ತದೆಂದು ಪೂರ್ತಿ ಕೇಳಿ ಮುಂದಕ್ಕೆ ಹೋದ. ಖಾಲಿ ಡಿಸ್ಕಿಗೆ ನಕಲಾಯಿತು. ಆಮೇಲೆ ಇಮೇಜನ್ನು ಮೇಷ್ಟ್ರ ಹೊಸ ಡ್ರೈವಿಗೆ ಇಳಿಸತೊಡಗಿದ. ಶೇಕಡಾ ಹತ್ತು, ಇಪ್ಪತ್ತು ಎಂದು ಪೆಟ್ಟಿಗೆ ಆಗಾಗ ಹೇಳುತ್ತಿತ್ತು. ಅರವತ್ತಾಗುವ ಹೊತ್ತಿಗೆ ಮೇಷ್ಟ್ರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು.

ಮಧ್ಯಾಹ್ನ ಮೂರೂವರೆಗೆ "ಮುಗಿಯಿತು" ಎಂದಿತು. ಅವನು ಪೆನ್‌ಡ್ರೈವ್ ಕಿತ್ತು ನನ್ನ ಕೈಗೆ ಕೊಟ್ಟು, ಮೆಷಿನ್ನನ್ನು ಆರಿಸಿ ಮತ್ತೆ ಹಾಕಿದ. ಫ್ಯಾನು ತಿರುಗಿತು. ಒಂದು ನಿಮಿಷ ಏನೂ ಇಲ್ಲ. ನಾನು ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದೆ. ಆಮೇಲೆ ಒಂದು ಹಳೆಯ ಒಡಕು ದನಿ, ತಮ್ಮನ ಪೆನ್‌ಡ್ರೈವಿನದಲ್ಲ, ಮೇಷ್ಟ್ರು ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ದನಿ, ನಿಧಾನವಾಗಿ ಮಾತಾಡಿತು. ಮೇಷ್ಟ್ರು ತಟ್ಟನೆ ನೆಟ್ಟಗಾದರು.

"ನಮ್ಮದೇ!" ಎಂದರು.

ಕೀಬೋರ್ಡನ್ನು ಅವರ ತೊಡೆಯ ಮೇಲಿಟ್ಟ ನನ್ನ ತಮ್ಮ. ಅವರು ಪುಸ್ತಕ ತೆರೆದು ಕೊನೆಗೆ ಹೋದರು. "ವೃತ್ತದ ಅಂಚಿನ ಮೇಲೆ ಬೆರಳಿಟ್ಟು ಹೊರಟ ಮಗು" ಎಂದು ಓದಿ ದನಿ ಅಲ್ಲಿಗೇ ನಿಂತಿತು. ಒಂಬತ್ತು ದಿನದ ಹಿಂದೆ ನನ್ನ ತಮ್ಮ ಇಮೇಜ್ ತೆಗೆಯಲು ಹೋಗಿ ಅವರನ್ನು ಎಬ್ಬಿಸಿದ್ದು ಆ ವಾಕ್ಯದ ನಡುವೆ.

"ಅದರ ಮುಂದಿನದು ಹೋಯ್ತಾ ಮೇಷ್ಟ್ರೇ?" ಎಂದೆ.

"ಒಂಬತ್ತು ದಿನದ್ದು ತಲೇಲಿದೆ ತಾಯಿ. ಹನ್ನೊಂದು ವರ್ಷದ್ದು ಇರಲಿಲ್ಲ ಅಷ್ಟೇ" ಎಂದು, "ಬಿಡದೆ ಹೋದರೆ ಹೊರಟಲ್ಲಿಗೇ ಬರುತ್ತದೆ" ಎಂದು ಟೈಪು ಮಾಡಿ ವಾಕ್ಯ ಮುಗಿಸಿದರು. ಅವರ ಕೆನ್ನೆ ಒದ್ದೆಯಾಗಿತ್ತು. ಬೆರಳು ಕೀಲಿಯ ಮೇಲೇ ಇತ್ತು.

ಟ್ಯಾಕ್ಸಿ ಬರುವ ಮೊದಲು ನನ್ನ ತಮ್ಮ ಒಂದು ಡಿಸ್ಕಿಗೆ ಹೊಸದಾಗಿ ಇನ್ನೊಂದು ಇಮೇಜ್ ತೆಗೆದ. ಆಮೇಲೆ "ಅಕ್ಕ, ಕೈ ಚಾಚು" ಎಂದ. ಡಿಸ್ಕನ್ನು ನನ್ನ ಅಂಗೈಯಲ್ಲಿಟ್ಟು, ಜೇಬಿನಿಂದ ಬ್ಯಾಂಡ್ ತೆಗೆದು ಅದರ ಮೇಲಿಟ್ಟ.

"ಇದು ಇವತ್ತಿನ ಇಮೇಜು. ಕಟ್ಟು."

"ನಾನಾ?"

"ನೀನೇ. ಇನ್ನು ಮೇಲೆ ಕಟ್ಟೋದು ನೀನು, ಓದೋದು ನಾನು."

ಕೂಸಿನ ಮಣಿಕಟ್ಟಿಗೆ ಪಟ್ಟಿ ಕಟ್ಟುವ ಹಾಗೆ ಕಟ್ಟಿ ಕೊಟ್ಟೆ. ಅವನು ಬ್ಯಾಂಡನ್ನು ಬೆರಳಿನಿಂದ ಸವರಿ, ಡಿಸ್ಕು ಸಿಕ್ಕಿಸಿ, ಮೇಷ್ಟ್ರ ಹೆಸರನ್ನೂ ಆ ದಿನದ ತಾರೀಖನ್ನೂ ಕೊನೆಯ ತನಕ ಕೇಳಿಸಿಕೊಂಡ.

"ಸರಿಯಾಗಿದೆ" ಎಂದ.