ಸಿಲೋನಿನಿಂದ ಮಗನನ್ನು ಕರೆತಂದದ್ದು

ನನ್ನ ಮೂರನೆಯ ಮಗುವೂ ಉಸಿರಿಲ್ಲದೆ ಹುಟ್ಟಿದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ೧೯೫೫ರ ಮಳೆಗಾಲ. ಉಡುಪಿಯ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಗಂಡ ಗ್ರೆಗರಿಯವರನ್ನು ಹೊರಗೆ ಕರೆದು, ಇನ್ನೊಂದು ಹೆರಿಗೆಯಾದರೆ ತಾಯಿಯೂ ಉಳಿಯಲಾರಳು ಎಂದರಂತೆ. ಅವರು ಒಳಗೆ ಬಂದು ಅದನ್ನು ಹೇಳಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕುಳಿತು ನನ್ನ ಕಾಲಿನ ಮೇಲೆ ಕೈಯಿಟ್ಟರು. ನನಗೆ ಅರ್ಥವಾಯಿತು.

ಜ್ಞಾನಸ್ನಾನವಾಗದ ಮಕ್ಕಳನ್ನು ಇಗರ್ಜಿಯ ಸ್ಮಶಾನದೊಳಗೆ ಹೂಳುವ ಪದ್ಧತಿ ಆಗ ಇರಲಿಲ್ಲ. ನನ್ನ ಮೂರೂ ಮಕ್ಕಳು ಗೋಡೆಯ ಹೊರಬದಿಯಲ್ಲಿ, ಹೆಸರಿಲ್ಲದೆ ಮಲಗಿವೆ. ಕಾರ್ಕಳದಲ್ಲಿ ನಾನು ಪ್ರಾಥಮಿಕ ಶಾಲೆಯ ಟೀಚರಾಗಿದ್ದೆ. ಗ್ರೆಗರಿಯವರು ಒಬ್ಬ ಡಾಕ್ಟರರ ಔಷಧಾಲಯದಲ್ಲಿ ಕಂಪೌಂಡರ್. ದಿನವಿಡೀ ಇತರರ ಮಕ್ಕಳಿಗೆ ಅಕ್ಷರ ತಿದ್ದಿಸಿ ಮನೆಗೆ ಬಂದರೆ ಮಾತನಾಡಲು ನಮ್ಮಿಬ್ಬರಿಗೂ ಏನೂ ಇರುತ್ತಿರಲಿಲ್ಲ. ಅತ್ತೂರಿನ ಸಂತ ಲಾರೆನ್ಸರಲ್ಲಿ ನಾನು ಹರಕೆ ಹೇಳುವುದನ್ನೂ ನಿಲ್ಲಿಸಿದ್ದೆ. ಜಪಸರ ಹಿಡಿಯುತ್ತಿದ್ದೆ, ಬಾಯಿ ಹೇಳುತ್ತಿತ್ತು, ಮನಸ್ಸು ಕಲ್ಲಾಗಿತ್ತು.

೧೯೫೭ರ ಜೂನ್ ತಿಂಗಳಲ್ಲಿ ಕೊಲಂಬೊದಿಂದ ಒಂದು ಕಾಗದ ಬಂತು. ಬರೆದವರು ಎರ್ಮಾಳಿನ ಸಂಜೀವಣ್ಣ ಎಂಬವರು. ಅಲ್ಲಿನ ಒಂದು ಮುದ್ರಣಾಲಯದಲ್ಲಿ ಮೇಸ್ತ್ರಿಯಾಗಿದ್ದರು. ನನ್ನ ದೊಡ್ಡಮ್ಮನ ಮಗಳು ಲಿಲ್ಲಿಯ ಗಂಡ ಅದೇ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಿದ್ದ. ಅವನು ಕೊಲಂಬೊದಲ್ಲೇ ಹುಟ್ಟಿ ಬೆಳೆದ ಕೊಂಕಣಿಯವ. ಎರಡು ವರ್ಷದ ಹಿಂದೆ ಟೈಫಾಯಿಡ್‌ನಿಂದ ತೀರಿಕೊಂಡಿದ್ದ. ಈಗ ಲಿಲ್ಲಿಯೂ ಕ್ಷಯದಿಂದ ತೀರಿಕೊಂಡಳು ಎಂದು ಕಾಗದ ಹೇಳಿತು. ಅವರ ಒಬ್ಬನೇ ಮಗ ವಿನ್ಸೆಂಟ್, ನಾಲ್ಕು ವರ್ಷದವ. ಅವನನ್ನು ಸಂಜೀವಣ್ಣನೇ ಸಿಸ್ಟರ್‌ಗಳ ಅನಾಥಾಲಯಕ್ಕೆ ಸೇರಿಸಿದ್ದರು. ಲಿಲ್ಲಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ವಿಳಾಸ ನನ್ನದೊಂದೇ. ದೊಡ್ಡಮ್ಮ ಆಗಲೇ ತೀರಿಹೋಗಿದ್ದರು, ಅವರ ಕಾಪುವಿನ ಮನೆಗೆ ಬೀಗ ಬಿದ್ದಿತ್ತು.

ಗ್ರೆಗರಿಯವರು ಕಾಗದವನ್ನು ಎರಡು ಸಲ ಓದಿ ಮಡಚಿದರು.

"ನಾವು ಹೋಗಿ ಅವನನ್ನು ಕರೆದುಕೊಂಡು ಬರುವ," ಎಂದರು.

ನನಗೆ ಸಂತೋಷವಾಗಲಿಲ್ಲ. ಭಯವಾಯಿತು. ಆ ಭಯಕ್ಕೆ ಒಂದು ಕಾರಣವಿತ್ತು. ಅದನ್ನು ಗಂಡನಿಗೂ ನಾನು ಹೇಳಿರಲಿಲ್ಲ.

ಪಾಸ್‌ಪೋರ್ಟಿಗಾಗಿ ಎಷ್ಟು ಸಲ ಮಂಗಳೂರಿಗೆ ಹೋದೆವೋ ಲೆಕ್ಕವಿಲ್ಲ. ಮೂಡುಬಿದಿರೆಯ ಮಾರ್ಗವಾಗಿ ಹೋಗುವ ಬಸ್ಸಿನ ಕಂಡಕ್ಟರನಿಗೆ ನಮ್ಮ ಮುಖ ಗುರುತಾಗಿ, "ಇವತ್ತಾದರೂ ಆಯಿತಾ ಟೀಚರೇ?" ಎಂದು ಕೇಳುವಷ್ಟಾಯಿತು. ಒಮ್ಮೆ ಒಂದು ಸಹಿ ಇಲ್ಲ, ಇನ್ನೊಮ್ಮೆ ಫೋಟೋ ಸರಿ ಇಲ್ಲ. ಕೊನೆಗೆ ಎಲ್ಲ ಸೇರಿ, ಮೂವತ್ತು ದಿನ ಸಿಲೋನಿನಲ್ಲಿ ಇರಲು ಅನುಮತಿ ಸಿಕ್ಕಿ, ೧೯೫೮ರ ಜನವರಿಯಲ್ಲಿ ಮಂಗಳೂರಿನಿಂದ ರೈಲು ಹತ್ತಿದೆವು. ತಿರುಚಿನಾಪಳ್ಳಿಯಲ್ಲಿ ಗಾಡಿ ಬದಲಿಸಿದೆವು. ಮಂಡಪಂನಲ್ಲಿ ಇಳಿಸಿ ನಾಲಗೆ, ಕಣ್ಣು ನೋಡಿ ಸಿಡುಬಿನ ಚುಚ್ಚುಮದ್ದಿನ ಚೀಟಿ ಕೇಳಿದರು. ಧನುಷ್ಕೋಡಿಯಿಂದ ಹಡಗು. ಕಡಲ ಬದಿಯ ಊರಿನವಳಾದರೂ ಹಡಗಿನಲ್ಲಿ ನಾನು ಕಾಲಿಟ್ಟದ್ದು ಅದೇ ಮೊದಲು. ವಾಂತಿ ಮಾಡುತ್ತಾ ತಲೈಮನ್ನಾರ್ ತಲುಪಿದೆ. ಅಲ್ಲಿಂದ ಮತ್ತೆ ರೈಲು.

ಸಂಜೀವಣ್ಣ ಸ್ಟೇಷನ್ನಿಗೆ ಬಂದಿದ್ದರು. ಬಿಳಿಯಂಗಿ, ಬೆರಳ ಸಂದಿಯಲ್ಲಿ ಮಸಿ, ಮಾತು ಕಡಿಮೆ. ತಮ್ಮ ಮನೆಯ ಜಗಲಿಯನ್ನು ಚಾಪೆಯ ತಟ್ಟಿ ಕಟ್ಟಿ ನಮಗೆ ಬಿಟ್ಟುಕೊಟ್ಟರು. ಅವರ ಹೆಂಡತಿ ನಮ್ಮ ಊರಿನ ಹಾಗೆಯೇ ಕುಚ್ಚಲಕ್ಕಿ ಗಂಜಿ ಬಡಿಸಿದರು.

ಮಾರನೆಯ ದಿನ ಅನಾಥಾಲಯಕ್ಕೆ ಹೋದೆವು. ಒಬ್ಬ ಎಳೆಯ ಸಿಸ್ಟರ್ ಅವನನ್ನು ಕೈಹಿಡಿದು ಕರೆತಂದರು. ಬೋಳಿಸಿದ ತಲೆ, ದೊಡ್ಡದಾದ ಖಾಕಿ ಚಡ್ಡಿ, ಕಾಲಲ್ಲಿ ಕಪ್ಪು ಶೂ. ಹಣೆ, ಹುಬ್ಬು ಎಲ್ಲ ಲಿಲ್ಲಿಯದೇ. ನಾನು ಮೊಣಕಾಲೂರಿ, ನಮ್ಮ ಕೊಂಕಣಿಯಲ್ಲಿ, ಬಾ ಮಗಾ, ನಾನು ನಿನ್ನ ಚಿಕ್ಕಮ್ಮ ಎಂದೆ.

ಅವನು ನನ್ನ ಬಾಯಿಯನ್ನೇ ನೋಡಿದ. ಆಮೇಲೆ ಅಳಲು ಶುರುಮಾಡಿದ. ಅಂಥ ಅಳುವನ್ನು ನಾನು ಶಾಲೆಯಲ್ಲಿ ಯಾವ ಮಗುವಿನಿಂದಲೂ ಕೇಳಿರಲಿಲ್ಲ. ಸಿಸ್ಟರಿನ ಬಟ್ಟೆಯೊಳಗೆ ಮುಖ ಹುದುಗಿಸಿಕೊಂಡವನು ಮತ್ತೆ ತಿರುಗಲಿಲ್ಲ. ಅವನ ತಾಯಿ ಸತ್ತ ಮೇಲೆ ಆ ಭಾಷೆಯನ್ನು ಅವನ ಹತ್ತಿರ ಯಾರೂ ಆಡಿರಲಿಲ್ಲ. ಇನ್ನು ಮುಂದೆ ಇಂಗ್ಲಿಷಿನಲ್ಲೇ ಮಾತನಾಡಿಸಿ ಎಂದು ಸಿಸ್ಟರ್ ಮೆಲ್ಲಗೆ ಹೇಳಿದರು. ಮಗುವಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಆ ಕೊಂಕಣಿಯೊಂದೇ. ಅದೇ ಅವನಿಗೆ ನೋವು ಕೊಡುವುದಾಯಿತು.

ಅನಾಥಾಲಯದ ಮದರ್ ವಯಸ್ಸಾದವರು, ನೇರ ಮಾತಿನವರು. ಕೊಡಲು ತಮಗೆ ಒಪ್ಪಿಗೆ, ಆದರೆ ಸರ್ಕಾರದ ಆಜ್ಞೆ ಬೇಕು ಎಂದರು. ಸಂಜೀವಣ್ಣ ರಜೆ ಹಾಕಿ ನಮ್ಮನ್ನು ಕಚೇರಿಯಿಂದ ಕಚೇರಿಗೆ ಕರೆದೊಯ್ದರು. ಎಲ್ಲ ಕಡೆಯೂ ಒಂದೇ ಉತ್ತರ. ಈ ದ್ವೀಪದ ಮಗುವನ್ನು ಈ ದ್ವೀಪದಲ್ಲಿ ನೆಲೆಸಿದವರಿಗೆ ಮಾತ್ರ ದತ್ತು ಕೊಡಬಹುದು. ಹೊರದೇಶದಿಂದ ಬಂದು ಕರೆದುಕೊಂಡು ಹೋಗುವಂತಿಲ್ಲ. ಒಬ್ಬ ಅಧಿಕಾರಿ ಬಹಳ ಸೌಜನ್ಯದಿಂದಲೇ ನಮಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಇದನ್ನೇ ಹೇಳಿದರು. ಆ ಚಹಾವನ್ನು ಹಾಗೆಯೇ ಮೇಜಿನ ಮೇಲೆ ಬಿಟ್ಟು ಎದ್ದೆ.

ಹೊರಗೆ ಮೆಟ್ಟಿಲ ಮೇಲೆ ಸಂಜೀವಣ್ಣ ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಎಂತ ಮಾಡುವುದು ಟೀಚರಮ್ಮ, ಇವರ ಕಾನೂನು ಹಾಗೆ ಉಂಟು," ಎಂದರು.

ವಕೀಲರೊಬ್ಬರನ್ನು ಕಂಡೆವು, ಅವರೂ ತಲೆಯಾಡಿಸಿದರು. ಹದಿನೈದು ದಿನ ಹೋಯಿತು, ಹದಿನೆಂಟು ಹೋಯಿತು. ಐದು ತುಂಬಿದ ಗಂಡುಮಕ್ಕಳನ್ನು ಆ ಮನೆಯಲ್ಲಿ ಇಡುವುದಿಲ್ಲ, ಏಪ್ರಿಲ್‌ನಲ್ಲಿ ವಿನ್ಸೆಂಟನನ್ನು ಗುಡ್ಡದ ಮೇಲಿನ ದೂರದ ಬೋರ್ಡಿಂಗಿಗೆ ಕಳಿಸುತ್ತಾರೆ ಎಂದು ತಿಳಿಯಿತು. ದಿನಾ ಮಧ್ಯಾಹ್ನ ಹೋಗಿ ಬೆಂಚಿನಲ್ಲಿ ಕೂರುತ್ತಿದ್ದೆವು. ಅವನು ಅಂಗಳದ ಆ ತುದಿಯಲ್ಲಿ ನಿಂತು ನೋಡುತ್ತಿದ್ದ. ಹತ್ತಿರ ಬರುತ್ತಿರಲಿಲ್ಲ. ಗ್ರೆಗರಿಯವರು ಕರವಸ್ತ್ರದಿಂದ ಇಲಿ ಮಾಡಿ ಬೆಂಚಿನ ಮೇಲೆ ಇಟ್ಟು ಬರುತ್ತಿದ್ದರು. ಮರುದಿನ ಅದು ಅಲ್ಲೇ ಇರುತ್ತಿತ್ತು.

ಇಪ್ಪತ್ತನೆಯ ದಿನ ನನ್ನ ಗಂಡ ಮೊದಲ ಸಲ ಸೋತ ಮಾತನಾಡಿದರು. "ನಮಗೆ ಮಕ್ಕಳು ಇಲ್ಲ ಅಂತಲೇ ದೇವರು ಬರೆದದ್ದಾಗಿರಬೇಕು. ನಾಡಿದ್ದು ಹೊರಡುವ," ಎಂದರು. ನಾನು ಟ್ರಂಕಿಗೆ ಬಟ್ಟೆ ತುಂಬತೊಡಗಿದೆ. ಅಳು ಕೂಡ ಬರಲಿಲ್ಲ.

ಹೊರಡುವ ಮೊದಲು ಪಾಪನಿವೇದನೆ ಮಾಡಬೇಕೆಂದು ನನಗೆ ಏಕೆ ಅನಿಸಿತೋ ಆಗ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಬಂದರಿನ ಹತ್ತಿರದ ಇಗರ್ಜಿಯಲ್ಲಿ ಗೋವೆಯ ಕಡೆಯ ಮುದಿ ಪಾದ್ರಿಯೊಬ್ಬರು ಇದ್ದಾರೆ, ನಿಮ್ಮ ಮಾತು ಅವರಿಗೆ ತಿಳಿಯುತ್ತದೆ ಎಂದು ಸಂಜೀವಣ್ಣನ ಹೆಂಡತಿ ಹೇಳಿದ್ದರು. ಬೆಳಿಗ್ಗೆ ಒಬ್ಬಳೇ ಹೋದೆ. ಸಂತ ಅಂತೋನಿಯವರ ಮೂರ್ತಿಯ ಮುಂದೆ ಹಿಂದೂ ಹೆಂಗಸರು, ನಮ್ಮವರು, ಬಂದರಿನ ಕೂಲಿಗಳು ಎಲ್ಲ ನಿಂತಿದ್ದರು. ಸಂತರ ತೋಳಿನಲ್ಲಿ ಬಾಲಯೇಸು. ಅದನ್ನು ನೋಡಲಾಗದೆ ತಲೆ ತಗ್ಗಿಸಿದೆ.

ಪಾದ್ರಿಯವರಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಪಾಪ ನನ್ನದು, ಬರೆಯಲು ನನಗೆ ಹಕ್ಕಿದೆ. ಲಿಲ್ಲಿ ಚೊಚ್ಚಲ ಹೆರಿಗೆಗೆ ಕೊಲಂಬೊದಿಂದ ಕಾಪುವಿನ ತವರಿಗೆ ಬಂದಿದ್ದಳು. ಅವಳಿಗೆ ಗಂಡುಮಗು ಹುಟ್ಟಿದ ವಾರವೇ ಉಡುಪಿಯ ಆಸ್ಪತ್ರೆಯಲ್ಲಿ ನನ್ನ ಎರಡನೆಯ ಮಗು ಸತ್ತು ಹುಟ್ಟಿತ್ತು. ತನ್ನ ಮಗುವಿನ ಜ್ಞಾನಸ್ನಾನದಲ್ಲಿ ನಾನೇ ಅದನ್ನು ಎತ್ತಿಕೊಂಡು ಧರ್ಮತಾಯಿಯಾಗಿ ನಿಲ್ಲಬೇಕೆಂದು ಲಿಲ್ಲಿ ನಮ್ಮ ಮನೆಗೆ ಹೇಳಿಕಳಿಸಿದಳು. ಕಾಯುತ್ತೇನೆ, ನೀನು ಎದ್ದು ಓಡಾಡುವಷ್ಟಾಗಲಿ ಎಂದಳು. ನನಗೆ ಮೈ ಸರಿಯಿಲ್ಲ ಎಂದು ಹೇಳಿಸಿದೆ. ಮೈ ಸರಿಯಿತ್ತು. ಅವಳ ತೊಡೆಯ ಮೇಲೆ ಬದುಕಿದ ಮಗುವನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅವಳು ಮೂರು ತಿಂಗಳು ಕಾಪುವಿನಲ್ಲಿದ್ದಳು. ಒಂದು ದಿನವೂ ಹೋಗಲಿಲ್ಲ. ಆ ಮಗು ಸಾಯಲಿ ಎಂದು ನಾನು ಬಯಸಿರಲಿಲ್ಲ, ಆದರೆ ಅದು ಹುಟ್ಟಬಾರದಿತ್ತು ಎಂದು ಬಯಸಿದ್ದೆ. ಈಗ ಇಲ್ಲಿಯ ಸಿಸ್ಟರ್‌ಗಳ ಅನಾಥಾಲಯದಲ್ಲಿರುವ ಅದೇ ಮಗುವನ್ನು ಕೊಡು ಎಂದು ದೇವರ ಹತ್ತಿರ ಕೇಳಲು ನನಗೆ ಯಾವ ಮುಖವಿದೆ ಎಂದೆ.

ಪಾದ್ರಿಯವರು ನಮ್ಮಿಬ್ಬರ ನಡುವಿನ ಜಾಲರಿಯ ಹತ್ತಿರಕ್ಕೆ ಬಾಗಿದರು.

"ಮಗು ಹುಟ್ಟಿದ್ದು ಎಲ್ಲಿ ಅಂದೆ?" ಎಂದು ಕೇಳಿದರು.

"ಕಾಪುವಿನಲ್ಲಿ, ಫಾದರ್. ನಮ್ಮ ಊರ ಕಡೆ. ಉಡುಪಿಯ ಹತ್ತಿರ."

"ಪ್ರಾಯಶ್ಚಿತ್ತಕ್ಕೆ ಒಂದು ಜಪಸರ ಹೇಳು. ಅದಕ್ಕಿಂತ ಮೊದಲು, ಆ ಮಗು ಎಲ್ಲಿ ಹುಟ್ಟಿತು ಎಂಬುದನ್ನು ನೀನೇ ಹೋಗಿ ಮದರಿಗೆ ಹೇಳು. ನಾನು ಇಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಹೋಗು, ನಡೆದುಕೊಂಡು ಹೋಗಬೇಡ, ಬಸ್ಸು ಹಿಡಿ."

ನನಗೆ ಏನೂ ಅರ್ಥವಾಗಲಿಲ್ಲ. ಆದರೂ ಸಂಜೀವಣ್ಣನ ಮನೆಯಿಂದ ಇಬ್ಬರು ಗಂಡಸರನ್ನೂ ಎಬ್ಬಿಸಿಕೊಂಡು ಹೋದೆ. ದಾರಿಯಲ್ಲಿ ಬಸ್ಸಿನಲ್ಲೇ ಗ್ರೆಗರಿಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡರು. ಇಳಿಯುವಾಗ ನನ್ನ ಕೈಚೀಲವನ್ನು ತಾವೇ ತೆಗೆದುಕೊಂಡರು.

ಮದರ್ ದಪ್ಪ ಪುಸ್ತಕ ತೆರೆದು ವಿನ್ಸೆಂಟನ ಹೆಸರಿನ ಮುಂದೆ ಬೆರಳಿಟ್ಟರು. ಹುಟ್ಟಿದ ಊರು, ಕೊಲಂಬೊ. ಸಂಜೀವಣ್ಣ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅದು ನಾನೇ ಬರೆಸಿದ್ದು ಮಾರಾಯ್ರೆ. ಅಪ್ಪ ಇಲ್ಲಿಯವ, ಮಗನೂ ಇಲ್ಲಿಯೇ ಹುಟ್ಟಿದ್ದು ಅಂತ ಗ್ರಹಿಸಿದೆ. ಯಾರ ಹತ್ತಿರ ಕೇಳುವುದಕ್ಕೂ ಇರಲಿಲ್ಲ." ನಾವು ಆ ಪುಸ್ತಕವನ್ನು ನೋಡಿರಲಿಲ್ಲ. ಮಗು ಹುಟ್ಟಿದ್ದು ಎಲ್ಲಿ ಎಂದು ಯಾವ ಕಚೇರಿಯಲ್ಲೂ ನಮ್ಮನ್ನು ಕೇಳಿರಲಿಲ್ಲ, ಆ ಹುಟ್ಟಿನ ಮಾತನ್ನು ನಾನಾಗಿ ಎಲ್ಲಿಯೂ ಎತ್ತಿರಲಿಲ್ಲ.

ಅದೇ ದಿನ ಕೊಲಂಬೊದಲ್ಲಿದ್ದ ಭಾರತ ಸರ್ಕಾರದ ಕಚೇರಿಗೆ ಹೋದೆವು. ಭಾರತದಲ್ಲಿ ಹುಟ್ಟಿದ ಮಗು ಭಾರತದ ಪ್ರಜೆ, ದತ್ತುವಿನ ಮಾತೇ ಬೇಡ, ಹತ್ತಿರದ ಬಂಧುಗಳ ಜೊತೆ ಊರಿಗೆ ಹೋಗಬಹುದು, ಆದರೆ ರುಜುವಾತು ಬೇಕು ಎಂದರು. ಲಿಲ್ಲಿಯ ತವರಿನ ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರಿಗೆ ತಂತಿ ಕೊಟ್ಟೆವು. ಉಳಿದದ್ದು ಹತ್ತು ದಿನ. ಏಳು ದಿನ ಅಂಚೆಯವ ಸಂಜೀವಣ್ಣನ ಮನೆಯನ್ನು ದಾಟಿಕೊಂಡೇ ಹೋದ. ಹಳೆಯ ಪುಸ್ತಕವನ್ನು ಗೆದ್ದಲು ತಿಂದಿರಬಹುದು, ವಿಗಾರರು ಊರಲ್ಲಿಲ್ಲದಿರಬಹುದು ಎಂದು ಏನೇನೋ ಯೋಚಿಸಿದೆ. ಎಂಟನೆಯ ದಿನ ಮುದ್ರೆ ಒತ್ತಿದ ಲಕೋಟೆ ಬಂತು. ಜ್ಞಾನಸ್ನಾನದ ಪುಸ್ತಕದ ಪ್ರತಿ. ಮಗುವಿನ ಹೆಸರು, ಹುಟ್ಟಿದ ಊರು ಕಾಪು, ತಂದೆ, ತಾಯಿ. ಧರ್ಮತಾಯಿಯ ಜಾಗದಲ್ಲಿ ನೆರೆಮನೆಯ ಒಬ್ಬ ಮುದುಕಿಯ ಹೆಸರಿತ್ತು. ಅದನ್ನು ಓದಿದಾಗ ಮಾತ್ರ ನನಗೆ ಅಳು ಬಂತು.

ಆ ಕಾಗದ ಕಂಡ ಮೇಲೆ, ಇಲ್ಲಿಯ ಮಗು ಎಂದು ತಡೆದಿದ್ದ ಕಚೇರಿಯವರೇ, ಇವನು ಇಲ್ಲಿಯವನಲ್ಲ, ಬೇಗ ಕರೆದುಕೊಂಡು ಹೋಗಿ ಎಂದು ಒಂದೇ ದಿನದಲ್ಲಿ ಸಹಿ ಹಾಕಿದರು.

ಕರೆತಂದದ್ದರಿಂದ ಎಲ್ಲವೂ ಸರಿಹೋಗಲಿಲ್ಲ. ಇದನ್ನು ನಾನು ಮುಚ್ಚಿಟ್ಟರೆ ಈ ಸಾಕ್ಷಿ ಸುಳ್ಳಾಗುತ್ತದೆ. ಹಡಗಿನಲ್ಲಿ ಅವನು ಸಿಸ್ಟರನ್ನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಕಾರ್ಕಳದ ಮನೆಯಲ್ಲಿ ದಿನಾ ಶೂ ಹಾಕಿಕೊಂಡು ಬಾಗಿಲ ಬಳಿ ಕೂರುತ್ತಿದ್ದ, ಯಾರೋ ಕರೆಯಲು ಬರುತ್ತಾರೆಂದು. ಐದಾರು ತಿಂಗಳು ನಮ್ಮ ಜೊತೆ ಒಂದು ಮಾತೂ ಆಡಲಿಲ್ಲ. ತಾಯಿಯ ಕ್ಷಯ ಇವನಿಗೂ ಬಂದಿರಬಹುದೆಂದು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಎದೆ ಶುದ್ಧವಿತ್ತು. ನಾನು ತಪ್ಪು ಮಾಡಿದೆನೇನೋ, ಅಲ್ಲೇ ಬಿಡಬೇಕಿತ್ತೇನೋ ಎಂದು ಎಷ್ಟೋ ದಿನ ಅಡುಗೆಮನೆಯಲ್ಲಿ ನಿಂತು ಯೋಚಿಸಿದ್ದೇನೆ. ಮುಂದಿನ ವರ್ಷ ಶಾಲೆಗೆ ಹೋಗುವಾಗ ಅವನೇ ಒಂದು ದಿನ, ಎಲ್ಲರ ಹಾಗೆ ಬರಿಗಾಲಲ್ಲಿ ಹೋಗುತ್ತೇನೆ ಎಂದ. ಕೊಂಕಣಿಯಲ್ಲಿ ಹೇಳಿದ. ನಾನು ಕೇಳದವಳಂತೆ ಬುತ್ತಿ ಕಟ್ಟುತ್ತಲೇ ಇದ್ದೆ.

ಈಗ ೧೯೬೭. ವಿನ್ಸೆಂಟ್ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಹೋದ ತಿಂಗಳು ಇಗರ್ಜಿಯಲ್ಲಿ, ಜ್ಞಾನಸ್ನಾನದ ವಿಶ್ವಾಸವನ್ನು ತಾನೇ ಒಪ್ಪಿಕೊಳ್ಳುವ ದೃಢೀಕರಣದ ಸಂಸ್ಕಾರ ಅವನಿಗೆ ಆಯಿತು. ಅದಕ್ಕೆ ಮೊದಲು ನನ್ನ ಪಾಪವನ್ನು ಅವನಿಗೂ ಹೇಳಬೇಕೆಂದು ನಿಶ್ಚಯಿಸಿದೆ. ಅವನು ಅಂಗಳದಲ್ಲಿ ಅಪ್ಪನ ಸೈಕಲ್ ಬುಡಮೇಲು ಮಾಡಿ ಪಂಕ್ಚರ್ ಹಾಕುತ್ತಿದ್ದ. ಪಕ್ಕದಲ್ಲಿ ಕುಳಿತು, ನೀನು ಹುಟ್ಟಿದಾಗ ನಿನ್ನ ತಾಯಿ ನನ್ನನ್ನು ಕರೆದಳು, ನಾನು ಹೊಟ್ಟೆಕಿಚ್ಚಿನಿಂದ ಬರಲಿಲ್ಲ ಎಂದು ಎಲ್ಲವನ್ನೂ ಹೇಳಿದೆ.

ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ.

"ಗೊತ್ತುಂಟು ಅಮ್ಮ. ಅಪ್ಪ ಯಾವಾಗಲೋ ಹೇಳಿದ್ದಾರೆ," ಎಂದ. "ಪಂಪು ಎಲ್ಲಿ ಇಟ್ಟಿದ್ದೀರಿ?"

ಎದ್ದುಹೋಗಿ ಪಂಪು ತಂದುಕೊಟ್ಟೆ. ಅತ್ತೂರಿನ ಸಂತರಿಗೂ, ಕಡಲಾಚೆಯ ಸಂತ ಅಂತೋನಿಯವರಿಗೂ, ಕೇಳಲು ನನಗೆ ಮುಖವಿಲ್ಲದಾಗ ಕೊಟ್ಟ ದೇವರಿಗೂ ನನ್ನ ವಂದನೆ. ಬಾಯಿ ಮಾತ್ರ ಜಪ ಹೇಳಿ ಮನಸ್ಸು ಕಲ್ಲಾಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಜಪಸರವನ್ನು ಕೈಯಿಂದ ಬಿಡಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.