ಒಂಬತ್ತು ಪರ್ಸೆಂಟಿನ ಮಾಳಿಗೆ

ರಾಮದುರ್ಗದಲ್ಲಿದ್ದ ತವರಿನ ಜಾಗ ಮಾರಿದಾಗ ನನ್ನ ಪಾಲಿಗೆ ಹನ್ನೆರಡು ಲಕ್ಷ ಬಂತು. ನನ್ನ ಹೆಸರಿನಲ್ಲಿ ಅಷ್ಟು ದುಡ್ಡು ಹಿಂದೆಂದೂ ಇರಲಿಲ್ಲ. ಕಳೆದುಕೊಂಡರೆ ಮತ್ತೆ ಬರುವ ದಾರಿಯೂ ಇರಲಿಲ್ಲ. ಒಂದು ಮನೆ ಕೊಂಡು ಬಾಡಿಗೆಗೆ ಬಿಡಬೇಕೆಂದುಕೊಂಡೆ. "ನಿನ್ನ ರೊಕ್ಕ, ನೀನ ನೋಡಿ ತಗೋ" ಎಂದರು ನಮ್ಮ ಮನೆಯವರು. ಮೈದುನ ಮಾತ್ರ ಸುಮ್ಮನಿರಲಿಲ್ಲ. ಬೈಲಹೊಂಗಲ ಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ಅವನಿಗೆ ಚಹಾದ ಸಕ್ಕರೆಯನ್ನೂ ಪರ್ಸೆಂಟಿನಲ್ಲಿ ಹೇಳುವ ಚಟ.

"ವೈನಿ, ಸವದತ್ತ್ಯಾಗ ಒಂದು ಮನಿ ಐತಿ. ಹನ್ನೆರಡು ಲಕ್ಷ. ತಿಂಗಳಾ ಒಂಬತ್ತು ಸಾವಿರ ಭಾಡಗಿ. ವರ್ಷಕ್ಕ ಒಂಬತ್ತು ಪರ್ಸೆಂಟ್! ಭಾಡಗ್ಯಾಗ ಹತ್ತು ಪರ್ಸೆಂಟ್ ರಿಪೇರಿಗೆ ತಗದಿಟ್ರೂ ಎಂಟರ ಮ್ಯಾಲ ಉಳೀತೈತಿ."

ಬೈಲಹೊಂಗಲದಲ್ಲೇ ನಾನು ನೋಡಿಟ್ಟಿದ್ದ ಸ್ಲ್ಯಾಬಿನ ಮನೆಗೂ ಅದೇ ಬೆಲೆ. ಬಾಡಿಗೆ ಆರು ಸಾವಿರ. "ಆರು ಪರ್ಸೆಂಟಿಗೆ ಯಾರ್ ಬೀಳ್ತಾರ್ರಿ?" ಎಂದು ನಕ್ಕ.

ಇಬ್ಬರೂ ಸವದತ್ತಿಗೆ ಹೋದೆವು. ಮೂರು ಸಂಸಾರ ಬಾಡಿಗೆಗಿದ್ದ ಹಳೆಯ ಮನೆ. ಮೇಲೆ ಮಣ್ಣು ಬಿಗಿದ ಸಪಾಟು ಚಾವಣಿ. ನಮ್ಮ ಕಡೆ ಅದಕ್ಕೇ ಮಾಳಿಗೆ ಎನ್ನುವುದು. ಮೈದುನ ಮಾಲಕರೊಡನೆ ಕಟ್ಟೆಯ ಮೇಲೆ ಮಾತಿಗೆ ಕುಳಿತ. ನಾನು ಒಳಗೆ ಹೋದೆ. ಬೆಳಕಿಂಡಿಯ ಕೆಳಗೆ ಗೋಡೆಗುಂಟ ಕೆಂಪು ಗೆರೆಗಳು ಇಳಿದಿದ್ದವು, ಹೊಸ ಸುಣ್ಣಕ್ಕೂ ಮುಚ್ಚಿರಲಿಲ್ಲ. ಒಂದು ತೊಲೆಗೆ ಕೆಳಗಿನಿಂದ ಕಂಬದ ಆಸರೆ. ರೊಟ್ಟಿ ಬಡಿಯುತ್ತಿದ್ದ ಬಾಡಿಗೆಯ ಹೆಣ್ಣುಮಗಳನ್ನು ಕೇಳಿದೆ.

"ಮಾಳಗಿ ಸೋರತೈತೇನವಾ?"

"ಮಣ್ಣು ಹಾಕಿಸಿದ ವರ್ಷ ಇಲ್ಲರಿ ಅಕ್ಕಾರ. ಇಲ್ಲಾಂದ್ರ ಹಾಸಿಗಿ ಹೊತಗೊಂಡು ಮೂಲಿ ಮೂಲಿ ತಿರಗತೇವಿ. ಬಾಜೂ ಖೋಲಿಯವರು ಬ್ಯಾಸತ್ತು ಬಿಟ್ಟಹೋದ್ರು. ಮಳಿಗಾಲ ಮುಗಿಯೂತನ ಯಾರೂ ಬರಲಿಲ್ಲ."

ಕಾನ್ವೆಂಟಿನಲ್ಲಿ ನಮ್ಮ ಗಣಿತದ ಸಿಸ್ಟರ್ ಶೇಕಡಾ ಲೆಕ್ಕಕ್ಕೆ ಕೈಯಿಡುವ ಮೊದಲು "ಯಾವುದರಲ್ಲಿ ಶೇಕಡಾ?" ಎಂದು ಕೇಳಿ, ಉತ್ತರ ಬರುವ ತನಕ ಕಾಯುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನೂ ಮೈದುನನಿಗೆ ಅದನ್ನೇ ಕೇಳಿದೆ.

"ಭಾಡಗ್ಯಾಗರಿ. ರಿಪೇರಿಗೆ ಹತ್ತು ಪರ್ಸೆಂಟ್ ಇಟ್ಟೇವಲ್ಲಾ ವೈನಿ!"

"ಅಂದ್ರ ವರ್ಷಕ್ಕ ಹತ್ತು ಸಾವಿರದ ಎಂಟನೂರು. ವರ್ಷಾ ಹಾಕೂ ಮಣ್ಣು, ಆಳು, ಟ್ರ್ಯಾಕ್ಟರ್ ಸೇರಿ ಇಪ್ಪತ್ತೈದು ಸಾವಿರದ ಕೆಳಗ ಆಗೂದಿಲ್ಲ. ಕಟಕೋಳದಾಗ ನಮ್ಮ ಅಕ್ಕನ ಮನಿಗೆ ಮೊನ್ನೆ ಹಾಕಿಸ್ಯಾರ. ನಿನ್ನ ಭಾಡಗಿ ಎಷ್ಟಂತ ಕೇಳಿ ಸೋರತೈತೇನು ಮಾಳಗಿ?"

ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ ನಕ್ಕರು.

ಮನೆಗೆ ಬಂದವಳೇ ರೂಪಾಯಿಗಳನ್ನು ಕೂಡಿಸಿ ಕಳೆದೆ. ಮಣ್ಣು, ತೊಲೆ, ಸುಣ್ಣ, ಖಾಲಿ ಬೀಳುವ ಕೋಣೆ, ಮನೆ ತೆರಿಗೆ ಎಲ್ಲ ತೆಗೆದರೆ ಸವದತ್ತಿಯಲ್ಲಿ ವರ್ಷಕ್ಕೆ ಕೈಗೆ ಉಳಿಯುವುದು ಐವತ್ತು ಸಾವಿರದ ಆಸುಪಾಸು. ಸ್ಲ್ಯಾಬಿನ ಮನೆಯಲ್ಲಿ ಅರವತ್ತಕ್ಕೆ ಕಡಿಮೆಯಿಲ್ಲ. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ; ಬೈಲಹೊಂಗಲದ ಮನೆಗೇ ಸಹಿ ಹಾಕಿದೆ.

ಮೊದಲ ಮಳೆಗಾಲದಲ್ಲಿ, ಜೋರು ಮಳೆಯ ಒಂದು ಮಧ್ಯಾಹ್ನ, ಅಲ್ಲಿಗೆ ಬಂದ ಹೊಸ ಬಾಡಿಗೆಯವಳ ಫೋನು. ಸ್ಲ್ಯಾಬೂ ಸೋರಿತೇನೋ ಎಂದುಕೊಂಡೇ ಎತ್ತಿದೆ.

"ಏನಿಲ್ಲರಿ ಅಕ್ಕಾರ, ದವಾಖಾನಿಗೆ ಹಡಿಯಾಕ ಹ್ವಾದ ಮಗಳು ಕೂಸು ತಗೊಂಡು ಬರಾಕತ್ತಾಳ. ತೊಟ್ಟಲ ಕಟ್ಟಾಕ ಮ್ಯಾಲ ಒಂದು ಕೊಂಡಿ ಹಾಕಿಸ್ಲ್ಯಾ?"

"ಹಾಕಿಸ್ರಿ. ಮಿಸ್ತ್ರಿನ ನಾನ ಕಳಸ್ತೇನಿ, ಖರ್ಚು ನಂದು" ಎಂದೆ. ಆ ಮಳೆಗಾಲದಲ್ಲಿ ಚಾವಣಿಗೆ ಆದ ಖರ್ಚು ಅಷ್ಟೇ, ನಾಲ್ಕು ನೂರು ರೂಪಾಯಿ.