ಮೆಟ್ಟಿಲು ಹೊಲದಲ್ಲಿ ಬರಿಗಾಲು

ತರಗುಪೇಟೆಯ ನಮ್ಮ ತಂದೆಯ ದವಸದ ಮಂಡಿಯಲ್ಲಿ ಒಂದು ಕಟ್ಟಳೆಯಿತ್ತು: ಕಾಳು ಇರುವ ಕಡೆ ಯಾರೂ ಪಾದರಕ್ಷೆ ಮೆಟ್ಟುವಂತಿಲ್ಲ. ನಾನು ಅದನ್ನು ಇಂದಿಗೂ ಮೀರಿಲ್ಲ. ಆದ್ದರಿಂದ ಪೆರು ದೇಶದ ಬೆಟ್ಟದಲ್ಲಿ, ಇಂಕಾ ಜನರು ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳಲ್ಲಿ ಈಗಲೂ ಮುಸುಕಿನ ಜೋಳ ನಿಂತಿರುವುದನ್ನು ಕಂಡೊಡನೆ ಬೂಟು ಕಳಚಿ ಕೈಯಲ್ಲಿ ಹಿಡಿದೆ.

ಕಾವಲುಗಾರನ ಸೀಟಿ ಮೊಳಗಿತು. ವಯಸ್ಸಾದವನು, ಮುಖದಲ್ಲಿ ನಗುವಿನ ಸುಳಿವಿಲ್ಲ.

"ಅಪ್ಪಾ, ಕಲ್ಲು ಚುಚ್ಚುತ್ತಂತೆ, ಬೂಟು ಹಾಕ್ಕೊಳ್ಳಿ! ಇಲ್ದಿದ್ರೆ ಈಗ್ಲೇ ಹೊರಗೆ ಕಳಿಸ್ತಾರಂತೆ," ಎಂದಳು ಸ್ಪ್ಯಾನಿಷ್ ಬಲ್ಲ ಮಗಳು.

ಈ ಹೊಲಗಳನ್ನು ನೋಡಲೆಂದೇ ಅಷ್ಟು ದೂರ ಬಂದಿದ್ದೆ. ಆದರೂ ಹೇಳಿದೆ: "ಇದು ಅನ್ನ ಬೆಳೆಯುವ ನೆಲ ಎಂದು ಅವರಿಗೆ ತಿಳಿಸು."

ಆಕೆ ತಿಳಿಸಿದಳು. ಆತ ಪೈರಿನತ್ತ ನೋಡಿ, ತಗ್ಗಿದ ದನಿಯಲ್ಲಿ ಉತ್ತರಿಸಿದ.

"ಅವರಜ್ಜೀನೂ ಬರಿಗಾಲಲ್ಲೇ ಹೊಲಕ್ಕಿಳೀತಿದ್ರಂತೆ. ಆದ್ರೂ ರೂಲ್ಸ್ ಅಂದ್ರೆ ರೂಲ್ಸೇ ಅಂತಿದಾರೆ. ಥೇಟ್ ನೀವೇ ಅಪ್ಪಾ!"

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಅದೇ ಮಾತನ್ನಾಡಿದ ಮುಖ್ಯೋಪಾಧ್ಯಾಯ ನಾನು. ಬೂಟು ಹಾಕಿಕೊಳ್ಳಹೊರಟರೆ ಮಂಡಿ ಬಗ್ಗಲಿಲ್ಲ. ಅದನ್ನು ಗಮನಿಸಿದ ಆತ ಸೀಟಿಯನ್ನು ಜೇಬಿಗಿಳಿಸಿ, ಮಣ್ಣಿನಲ್ಲಿ ಕುಳಿತು, ನನ್ನ ಪಾದದ ಧೂಳನ್ನು ಅಂಗೈಯಿಂದ ಒರೆಸಿ, ಬೂಟು ತೊಡಿಸಿ ಲೇಸು ಕಟ್ಟಿದ.

ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಪ್ರತಿ ಮಗುವಿನ ಲೇಸನ್ನೂ ಪರೀಕ್ಷಿಸಿ ತಿದ್ದುತ್ತಿದ್ದವನು ನಾನು. ಆತ ಹಾಕಿದ ಎಡಗಾಲಿನ ಗಂಟು ಸಡಿಲವಾಗಿತ್ತು. ಅದನ್ನು ತಿದ್ದದೆ ಕೈಮುಗಿದು ಮುಂದೆ ನಡೆದೆ. ಬಸ್ಸು ಹತ್ತುವ ಮುನ್ನವೇ ಅದು ಬಿಚ್ಚಿಕೊಂಡಿತು.